ಅಲುಗಾಡುವ ಕಲ್ಲು

ಹೋದ ತಿಂಗಳು ಬಸವನಗುಡಿಯಲ್ಲಿ ಸಂಜೆ ತರಕಾರಿ ತಗೊಂಡು ವಾಪಸ್ ಬರುತ್ತಿದ್ದೆ. ಬೆಂಗಳೂರಿನ ಹಳೇ ಫುಟ್‌ಪಾತ್ ಹೇಗಿರುತ್ತದೆ ಗೊತ್ತಲ್ವಾ, ಕೆಳಗೆ ಚರಂಡಿ, ಮೇಲೆ ಕಲ್ಲು ಚಪ್ಪಡಿ. ಒಂದು ಚಪ್ಪಡಿಯ ಅಂಚು ಮೇಲೆದ್ದಿತ್ತು, ಕಾಲು ತಗುಲಿ ಮುಗ್ಗರಿಸಿದೆ, ಬೀಳುವಾಗ ಬಲಗೈ ಊರಿದೆ.

ಪಕ್ಕದ ಹೂವಿನಮ್ಮ ಓಡಿಬಂದು ಎಬ್ಬಿಸಿ, ಕೂರಿಸಿ, ನೀರು ಕೊಟ್ಟು, ಚೆಲ್ಲಿದ ಟೊಮ್ಯಾಟೊ ಎಲ್ಲಾ ಆರಿಸಿ ಚೀಲಕ್ಕೆ ಹಾಕಿದರು. "ನಿನ್ನೆ ಒಬ್ಬರು ಅಜ್ಜಿನೂ ಇಲ್ಲೇ ಬಿದ್ರು ಕಣಮ್ಮಾ" ಅಂದರು. ಅದನ್ನು ಕೇಳಿ ನನಗೆ ನೋವಿಗಿಂತ ಸಿಟ್ಟು ಜಾಸ್ತಿ ಆಯಿತು.

ಟಿಟಿ ಇಂಜೆಕ್ಷನ್ ಆಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಹೆಬ್ಬೆರಳಿನ ಬುಡ ಒತ್ತಿದರೆ ಜೀವ ಹೋಗುವಷ್ಟು ನೋವು. ಅಲ್ಲಿರುವ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಂತೆ. ಡಾಕ್ಟರ್ ಪಟ್ಟಿ ಹಾಕಿ 10 ದಿನ ಬಿಟ್ಟು ಬರಲು ಹೇಳಿದರು. ಎರಡನೇ ಸಲ ಬಿರುಕು ಕಂಡಿತು. ನೀವೂ ಹೀಗೆ ಕೈಯೂರಿ ಬಿದ್ದರೆ, ನೋವು ಹೋಗದಿದ್ದರೆ, ಸುಮ್ನೆ ಉಳುಕು ಅಂತ ಬಿಡಬೇಡಿ.

ಜಡೆ ಹಾಕಿಕೊಳ್ಳಲೂ ಮಗಳೇ ಬೇಕಾಯಿತು.

ಎಡಗೈಯಲ್ಲೇ ಫೋಟೋ ತೆಗೆದು ದೂರು ಕೊಟ್ಟೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ನಡೆಯಲು ಯೋಗ್ಯವಾದ ಫುಟ್‌ಪಾತ್ ನಮ್ಮ ಹಕ್ಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇದನ್ನೆಲ್ಲ ದೂರಿನಲ್ಲಿ ಬರೆದೆ. ಮೂರು ವಾರವಾಯಿತು, ಕಲ್ಲು ಹಾಗೇ ಇದೆ. ಹೂವಿನಮ್ಮ ಅದರ ಮೇಲೆ ಒಂದು ಕೆಂಪು ಬಕೆಟ್ ಬೋರಲು ಹಾಕಿದ್ದಾರೆ.