18 ಅಡಿ ಇಳಿಜಾರು

ಕೊಳೆರೋಗಕ್ಕೆ ಔಷಧಿ ಹೊಡೆಯಲು, ಮರ ಹತ್ತುವ ಕೊನೆಗೌಡ ಬರಲಿಲ್ಲವೆಂದು ಅಡಿಕೆ ಮರಕ್ಕೆ ನಾನೇ ಹತ್ತಿದ್ದೆ. ಬಿದ್ದ ಮೇಲೆ ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದರು. (ಹಾಗೆ ಎತ್ತಬಾರದು. ಕುತ್ತಿಗೆ, ಬೆನ್ನು ಬಳುಕದ ಹಾಗೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ತೋಟ ಇರುವವರೆಲ್ಲ ಇದೊಂದನ್ನು ನೆನಪಿಡಿ.)

ಆಪರೇಷನ್, ವೆಲ್ಲೂರಿನ ಆಸ್ಪತ್ರೆಯ ತಿಂಗಳುಗಳು ಇನ್ನೊಂದು ದಿನಕ್ಕಿರಲಿ. ಅಲ್ಲಿ ಡಾ. ಮೇರಿ ವರ್ಗೀಸರ ಕತೆ ಕೇಳಿದೆ. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಮೇಲೆ, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದವರು. ಚಾಕು ಹಿಡಿದವರೇ ಹಾಗಿರುವಾಗ ಚಾಕ್‌ಪೀಸ್ ಹಿಡಿಯುವ ನನಗೇನು ಧಾಡಿ ಅನ್ನಿಸಿತು.

ಊರಿಗೆ ಬಂದರೆ, "ಮಾಸ್ತರೇ, ಸ್ವಯಂ ನಿವೃತ್ತಿ ತಗೊಂಡು ಆರಾಮಾಗಿರಿ" ಎಂಬ ಉಪದೇಶ. ಸೇವೆಯಲ್ಲಿರುವಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತೆಯೂ ಇಲ್ಲ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಅದರ ಪ್ರತಿ ಲಗತ್ತಿಸಿ ಅರ್ಜಿ ಹಾಕಿದೆ.

ಕಾಯ್ದೆ ನನ್ನನ್ನು ಶಾಲೆಯ ಗೇಟಿನವರೆಗೆ ತಂದಿತು. ಮುಂದೆ ಮೂರು ಮೆಟ್ಟಿಲು, ಪಕ್ಕದಲ್ಲಿ ನನಗೆಂದೇ ಕಟ್ಟಿದ ಆರಡಿಯ ಇಳಿಜಾರು. ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತಿತ್ತು. ಯಾರಾದರೂ ತಳ್ಳಬೇಕು, ಅಲ್ಲಿಯವರೆಗೆ ಅಂಗಳದಲ್ಲಿ ಕಾಯಬೇಕು. ಆ ವಾರ ಹತ್ತನೇ ತರಗತಿಗೆ ತ್ರಿಕೋನಮಿತಿ. ಮಕ್ಕಳ ಕೈಗೆ ಟೇಪು ಕೊಟ್ಟೆ. ಎತ್ತರ 18 ಇಂಚು, ತಳದ ಉದ್ದ ಆರಡಿ, ಟ್ಯಾನ್ ಬೆಲೆ ಕಾಲು, ಕೋನ ಸುಮಾರು 14 ಡಿಗ್ರಿ. ಗಾಲಿಕುರ್ಚಿ ಒಂದಡಿ ಏರಲು 12 ಅಡಿ ಇಳಿಜಾರು ಬೇಕೆಂಬುದು ಲೆಕ್ಕ. "ಹಾಗಾದ್ರೆ 18 ಅಡಿ ಬೇಕು ಸರ್. ಹಲಸಿನ ಮರ ಅಡ್ಡ ಬರ್ತದೆ" ಅಂದಳು ಹಿಂದಿನ ಬೆಂಚಿನ ಹುಡುಗಿ. ಶಾಲೆಯ ಅಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಬೇಸಿಗೆ ರಜೆಯಲ್ಲಿ ಮರ ಬಿಟ್ಟು, ನಡುವೆ ಸಪಾಟು ಜಾಗ ಇಟ್ಟು, ತಿರುವು ಕೊಟ್ಟು ಕಟ್ಟಿಸಿದರು. ಶೌಚಾಲಯದ ಬಾಗಿಲೂ 36 ಇಂಚಾಯಿತು. ನಾಲ್ಕೈದು ತಾಸಿಗೊಮ್ಮೆ ಮೂತ್ರ ಹೋಗಲು ಕ್ಯಾತಿಟರ್ ನಳಿಗೆ ಹಾಕಿಕೊಳ್ಳಬೇಕಾದವನಿಗೆ ಇದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಬೆಳಗ್ಗೆ ನೀರು ಕುಡಿಯದೆ ಬರುತ್ತಿದ್ದೆ.

ಬೋರ್ಡಿನ ಕೆಳಗಿನ ಅರ್ಧ ನನ್ನದು, ಮೇಲಿನರ್ಧ ಆ ದಿನದ ಲೀಡರ್‌ನದು. ಪೃಷ್ಠದಲ್ಲಿ ಹುಣ್ಣಾಗದಿರಲೆಂದು 20 ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಎತ್ತುತ್ತೇನೆ. ಹುಡುಗರಿಗೆ ಅದೇ ಗಡಿಯಾರ. "ಸರ್ ಎದ್ರು, ಅರ್ಧ ಪೀರಿಯಡ್ ಆಯ್ತು!"

ಮದುವೆ ಮನೆಗಳು ಇನ್ನೂ ಕಷ್ಟ. ಕುರ್ಚಿಯ ಕೈ ಊಟದ ಟೇಬಲ್ಲಿನ ಕೆಳಗೆ ಹೋಗುವುದಿಲ್ಲ. "ತಮಾ, ನಿಂಗೆ ಇಲ್ಲೇ ತರಿಸ್ತೆ" ಎಂದು ಹಿರಿಯರು ಪ್ರೀತಿಯಿಂದಲೇ ಮೂಲೆಗೆ ಕೂರಿಸುತ್ತಾರೆ. ಕಳೆದ ಸಲ ಕುರ್ಚಿಯ ಕೈಗಳನ್ನೇ ಕಳಚಿ ಅಣ್ಣನ ತೊಡೆಯ ಮೇಲಿಟ್ಟೆ. ಪಂಕ್ತಿಯಲ್ಲೇ ಕೂತು ಎರಡು ಸಲ ಅಪ್ಪೆಹುಳಿ ಹಾಕಿಸಿಕೊಂಡೆ.

ಈಗ ಮಳೆ. ಇಳಿಜಾರಿನ ಮೇಲೆಲ್ಲ ಹಾವಸೆ. ನಾನು ಜಾರಬಾರದೆಂದು ಹುಡುಗರು ಅಡಿಕೆ ಸೋಗೆ ಹಾಸಿದ್ದರು, ಅದು ಗಾಲಿಗೆ ಸುತ್ತಿಕೊಂಡು ಕಾಲು ತಾಸು ತಿರುವಿನಲ್ಲೇ ನಿಂತೆ. ನಾಳೆ ಒಬ್ಬ ಕತ್ತಿ ತರುತ್ತಾನಂತೆ, ಹೆರೆಯಲು.