ಮೂರಡಿ ಹಲಗೆ

ಕಳೆದ ಅಕ್ಟೋಬರಿನ ಒಂದು ಶನಿವಾರ ಅಮೆರಿಕದ ವರ್ಜೀನಿಯಾದ ಫ್ಲಾಯ್ಡ್ ಕೌಂಟಿಯಲ್ಲಿರುವ ಗೆಳೆಯನ ಮನೆಗೆ ಧ್ವನಿಮುದ್ರಣಕ್ಕೆ ನೆರವಾಗಲು ಹೋಗಿದ್ದೆ. ಅಪಲಾಚಿಯ ಗುಡ್ಡಸಾಲಿನ ಹಳೆಯ ಮಟ್ಟುಗಳನ್ನು ಅವನು ಫಿಡಲ್‌ನಲ್ಲಿ ನುಡಿಸುತ್ತಾನೆ. ಫಿಡಲ್ ಎಂದರೆ ನಮ್ಮ ಪಿಟೀಲೇ, ನುಡಿಸುವ ರೀತಿ ಬೇರೆ. ಅವನ ಹೆಂಡತಿಯದು ಬ್ಯಾಂಜೋ, ಚರ್ಮ ಬಿಗಿದ ಮುಖದ ತಂತಿವಾದ್ಯ. ಮೂರನೆಯವರು ಪಕ್ಕದ ಊರಿನಿಂದ ಬಂದಿದ್ದ, ಅರವತ್ತು ದಾಟಿದ ಹೆಂಗಸು. ಅವರು ತಂದಿದ್ದು ಎರಡು ಜೊತೆ ಷೂ ಮತ್ತು ಮೂರಡಿ ಚೌಕದ ಒಂದು ಪ್ಲೈವುಡ್ ಹಲಗೆ, ಅಷ್ಟೇ.

ಹಲಗೆಯನ್ನು ನಾನು ರತ್ನಗಂಬಳಿಯ ಮೇಲೆ ಹಾಸಿದೆ. ಅವರು ತಕ್ಷಣ ತಡೆದರು. ಕೆಳಗೆ ಗಾಳಿಯಾಡದಿದ್ದರೆ ಹಲಗೆ ಮೂಕವಾಗುತ್ತದೆ ಎಂದು ಹೇಳಿ, ಎರಡು ಮರದ ರೀಪುಗಳನ್ನು ತರಿಸಿ ಅಡಿಗೆ ಇಡಿಸಿದರು. ಬೆರಳ ಗೆಣ್ಣಿನಿಂದ ನಾಲ್ಕೂ ಮೂಲೆ ಬಡಿದು, ಕಿವಿಗೊಟ್ಟು ಕೇಳಿ, ಒಂದು ರೀಪನ್ನು ಇಂಚಿನಷ್ಟು ಒಳಕ್ಕೆ ಸರಿಸಿದರು. ತಂಬೂರಿಯ ಜೀವಾಳ ಸರಿಪಡಿಸುವವರನ್ನು ನೋಡಿದ್ದೇನೆ, ಅದೇ ಏಕಾಗ್ರತೆ.

ಅವರು ಮಾಡುವುದು ಫ್ಲಾಟ್‌ಫುಟ್ ಎಂಬ ಹೆಜ್ಜೆ ಕುಣಿತ. ಪಾದ ನೆಲವನ್ನು ಹೆಚ್ಚು ಬಿಟ್ಟೇಳುವುದಿಲ್ಲ, ಮೈ ಸಡಿಲವಾಗಿ ನೆಟ್ಟಗಿರುತ್ತದೆ, ಕೆಲಸವೆಲ್ಲ ಮೊಣಕಾಲಿನಿಂದ ಕೆಳಗೆ. ಇದರ ಬೇರುಗಳು ಐರ್ಲೆಂಡ್, ಬ್ರಿಟನ್ನಿನ ವಲಸಿಗರಲ್ಲೂ ಇವೆ, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರಲ್ಲೂ ಇವೆ. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಎದ್ದ 1739ರ ಸ್ಟೋನೊ ದಂಗೆಯ ಮರುವರ್ಷ ಬಂದ ಕಾನೂನು ಗುಲಾಮರಿಗೆ ಡೋಲು ಬಾರಿಸುವುದನ್ನೇ ನಿಷೇಧಿಸಿತು. ಆದರೆ ಕೈ, ತೊಡೆ, ಪಾದಗಳನ್ನು ಯಾವ ಕಾನೂನು ಕಿತ್ತುಕೊಳ್ಳಬಲ್ಲದು? ಬ್ಯಾಂಜೋ ಕೂಡ ಆಫ್ರಿಕನ್ನರ ಕೈಯಲ್ಲೇ ಹುಟ್ಟಿದ್ದು. ಈ ಗುಡ್ಡಗಳ ಸಂಗೀತವನ್ನು ಬರೀ ಬಿಳಿಯರದೆಂದು ಹೇಳುವವರು ಸಿಕ್ಕಾಗಲೆಲ್ಲ ನನಗೆ ನೋವಾಗುತ್ತದೆ.

ಉಡುಪಿ ಕಡೆ ಯಕ್ಷಗಾನ ನೋಡುತ್ತ ಬೆಳೆದ ನನಗೆ ಹೆಜ್ಜೆಯ ಸದ್ದು ಹೊಸದಲ್ಲ. ಆದರೆ ಅಲ್ಲಿ ಚೆಂಡೆ, ಮದ್ದಳೆ ಇವೆ. ಲಯದ ಭಾರ ಹೊರುವುದು ಅವು. ಅಂದು ಆ ಕೋಣೆಯಲ್ಲಿ ಚರ್ಮವಾದ್ಯ ಎಂಬುದು ಬ್ಯಾಂಜೋದ ಮುಖವೊಂದೇ.

ಮೊದಲ ಮುದ್ರಣ ಕೆಟ್ಟಿತು. ಲೋಹದ ಲಾಳ ಬಡಿದ ಷೂ ತೊಟ್ಟಿದ್ದರು. ಎದುರಿಗೆ ನಿಂತು ನೋಡುವಾಗ ಬೆರಗಾಗಿತ್ತು, ಹೆಡ್‌ಫೋನಿನಲ್ಲಿ ಕೇಳಿದರೆ ಲಾಳದ ಚೂಪು ಸದ್ದು ಬ್ಯಾಂಜೋ ತಂತಿಯ ಟಣತ್ಕಾರವನ್ನೇ ನುಂಗಿತ್ತು. ಅವರೂ ಕೇಳಿಸಿಕೊಂಡರು. ಏನೂ ಹೇಳದೆ ಚರ್ಮದ ಅಟ್ಟೆಯ ಷೂ ಹಾಕಿಕೊಂಡರು. ಹಲಗೆಗೆ ಮುಖ ಮಾಡಿದ್ದ ಒಂದೇ ಮೈಕ್ ಸಾಲದೆಂದು, ಹಿಮ್ಮಡಿ ಬೀಳುವ ಕಡೆ ಒಂದು, ಮುಂಗಾಲಿನ ಕಡೆ ಒಂದು ಇಡಿಸಿದರು.

ಆಮೇಲೆ ಕೇಳಿದ್ದನ್ನು ನಾನು ಮರೆಯಲಾರೆ. ಫಿಡಲ್‌ನ ಕಮಾನು ಒಂದು ಉದ್ದ, ಎರಡು ಗಿಡ್ಡ ಎಳೆತಗಳಲ್ಲಿ ಓಡುತ್ತಿತ್ತು. ಉದ್ದನೆಯ ಎಳೆತದ ಅಡಿಗೆ ಹಿಮ್ಮಡಿ ‘ಧಂ’ ಎಂದು ಕೂರುತ್ತಿತ್ತು. ಗಿಡ್ಡ ಎಳೆತಗಳ ನಡುವಿನ ಸಂದಿಗೆ ಮುಂಗಾಲು ಸವರಿಕೊಂಡು ನುಗ್ಗುತ್ತಿತ್ತು. ಈ ಮಟ್ಟುಗಳಿಗೆ ಸಾಮಾನ್ಯವಾಗಿ ಎರಡು ಭಾಗ, ಒಂದು ಕೆಳಗಿನ ತಂತಿಗಳಲ್ಲಿ, ಇನ್ನೊಂದು ಮೇಲಿನವುಗಳಲ್ಲಿ. ಫಿಡಲ್ ಮೇಲಕ್ಕೇರಿದಾಗ ಅವರು ಹಿಮ್ಮಡಿಯನ್ನು ಪೂರ್ತಿ ಕೈಬಿಟ್ಟು ಬರೀ ಮುಂಗಾಲಿನಲ್ಲಿ ಗುನುಗುತ್ತಿದ್ದರು. ಕೆಳಭಾಗಕ್ಕೆ ಮರಳಿದಾಗ ಹಿಮ್ಮಡಿ ವಾಪಸು. ಇದಿಷ್ಟೂ ಬರಿಗಣ್ಣಿಗೆ ಕಂಡಿರಲಿಲ್ಲ. ಕಣ್ಣು ನೃತ್ಯವನ್ನು ನೋಡುವುದರಲ್ಲೇ ಮುಳುಗಿತ್ತು.

ಮುದ್ರಣವನ್ನು ಮತ್ತೆ ಕೇಳಿಸಿದೆ. ನಮಗೆಲ್ಲ ತುಂಬಾ ಹಿಡಿಸಿತು. ಅವರೊಬ್ಬರು ಕಣ್ಣುಮುಚ್ಚಿ ಕೇಳಿ ತಲೆಯಾಡಿಸಿದರು.

“ಮೂರನೇ ಸುತ್ತಿನಲ್ಲಿ ನಾನು ಬಹಳ ಮಾತನಾಡಿದ್ದೇನೆ. ಇನ್ನೊಮ್ಮೆ ನುಡಿಸೋಣ.”

ಕುಣಿಯೋಣ ಎನ್ನಲಿಲ್ಲ, ನುಡಿಸೋಣ ಎಂದರು. ಕುಣಿತದ ಕೂಟದಲ್ಲಿ ಆ ಮೂರನೇ ಸುತ್ತಿಗೇ ಚಪ್ಪಾಳೆ ಬೀಳುತ್ತಿತ್ತು. ಅಲ್ಲಿ ಕಾಲು ಕಾಣುತ್ತದೆ, ಮುಖದ ನಗು ಕಾಣುತ್ತದೆ. ಮುದ್ರಣದಲ್ಲಿ ಉಳಿಯುವುದು ಸದ್ದೊಂದೇ. ಅಲ್ಲಿ ಹೆಚ್ಚಾದ ಒಂದು ಏಟೂ ಕುಳಿತಲ್ಲೇ ಕುಳಿತಿರುತ್ತದೆ. ಮುಂದಿನ ಸಲ ಅವರು ಆ ಸುತ್ತಿನಲ್ಲಿ ಅರ್ಧದಷ್ಟು ಹೆಜ್ಜೆಗಳನ್ನು ಬಿಟ್ಟರು. ಬಿಟ್ಟ ಜಾಗದಲ್ಲಿ ಫಿಡಲ್ ಉಸಿರಾಡಿತು. ಗೆಳೆಯ ನುಡಿಸುತ್ತಲೇ ತಲೆಯೆತ್ತಿ ಅವರನ್ನು ನೋಡಿದ.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಆ ಎರಡು ಮೈಕುಗಳಿಗೆ ನಾನು ‘ನೆಲ’ ಎಂದು ಹೆಸರು ಕೊಟ್ಟಿದ್ದೆ. ಊಟಕ್ಕೆ ಏಳುವ ಮೊದಲು ಅದನ್ನು ಅಳಿಸಿ ‘ಪಾದ’ ಎಂದು ಬರೆದೆ. ಆಲ್ಬಮ್ಮಿನ ಹೊದಿಕೆಯ ಮೇಲೂ ಫಿಡಲ್, ಬ್ಯಾಂಜೋಗಳ ಸಾಲಿನಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಪಾದ ಎಂದು ಅವರ ಹೆಸರು ಬರಬೇಕೆಂದು ಹಟ ಹಿಡಿದೆ. ಗೆಳೆಯ ಒಪ್ಪಿದ.

ಸಂಜೆ ಮಳೆ ಹನಿಯತೊಡಗಿತು. ಹಲಗೆಯನ್ನು ಅವರ ಪಿಕಪ್ ಗಾಡಿಯ ಹಿಂಬದಿಗೆ ಹಾಕಲು ಎತ್ತಿಕೊಂಡೆ. ನಡುವೆ ಎರಡು ಪಾದಗಳಷ್ಟು ಜಾಗ ಸವೆದು ಬೆಳ್ಳಗಾಗಿತ್ತು, ಮುಟ್ಟಿದರೆ ರೇಷ್ಮೆಯಷ್ಟು ನುಣುಪು. ಅಲ್ಲಿ ಬೇಡ, ನೆನೆದರೆ ದನಿ ಕೆಡುತ್ತದೆ ಎಂದು ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಂಬಳಿ ಸುತ್ತಿ, ತಮ್ಮ ಸೀಟಿನ ಹಿಂದೆ ನಿಧಾನಕ್ಕೆ ನಿಲ್ಲಿಸಿದರು.