ಸೇವೆಗೆಂದು ಹೋದವರು ಜಾಂಜಿಬಾರಿಗೆ ವಿಹಾರಕ್ಕೆ ಹೋಗಬಹುದೇ?

ತಾಂಜಾನಿಯಾದ ಕರಾವಳಿ ಪಟ್ಟಣವಾದ ಬಗಮೊಯೊದ ಶಾಲೆಯೊಂದರಲ್ಲಿ ನಾನು ಸ್ವಯಂಸೇವಕನಾಗಿ ಗಣಿತ ಕಲಿಸುತ್ತಿದ್ದ ಕಾಲದಲ್ಲಿ ವಾರಾಂತ್ಯಕ್ಕೆ ಜಾಂಜಿಬಾರಿಗೂ ಹೋಗಿ ಬಂದಿದ್ದೆ ಎಂದು ತಿಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಬಡ ಮಕ್ಕಳಿಗೆ ಪಾಠ ಹೇಳಲು ಹೋದವರು ಶ್ರೀಮಂತ ಪ್ರವಾಸಿಗರ ದ್ವೀಪದಲ್ಲಿ ವಿಹರಿಸುವುದು ಸರಿಯೇ? ಸರಿ ಎಂಬುದೇ ನನ್ನ ಉತ್ತರ. ದುಡಿಯುವವರಿಗೆ ವಿಶ್ರಾಂತಿ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ ಆ ಮಾತನ್ನು ಬೆಳೆಸುವುದಿಲ್ಲ. ನನ್ನ ಮುಖ್ಯ ಕಾರಣ ಬೇರೆಯೇ ಇದೆ. ಜಾಂಜಿಬಾರನ್ನು ನೋಡದೆ ಬಗಮೊಯೊ ಅರ್ಥವಾಗುವುದಿಲ್ಲ.

19ನೇ ಶತಮಾನದಲ್ಲಿ ಒಳನಾಡಿನ ದೊಡ್ಡ ಸರೋವರಗಳ ಕಡೆಯಿಂದ ತಬೋರಾ ಮಾರ್ಗವಾಗಿ ಬರುತ್ತಿದ್ದ ವ್ಯಾಪಾರಿ ತಂಡಗಳು ಕಡಲನ್ನು ಮುಟ್ಟುತ್ತಿದ್ದುದು ಬಗಮೊಯೊದಲ್ಲಿ. ಹೊರೆಯಾಳುಗಳು ಹೆಗಲ ಮೇಲೆ ಹೊತ್ತು ತಂದ ಆನೆದಂತವೂ ಸೆರೆ ಹಿಡಿದು ನಡೆಸಿಕೊಂಡು ಬಂದ ಮನುಷ್ಯರೂ ಅಲ್ಲಿಂದ ಹಾಯಿದೋಣಿಗಳಲ್ಲಿ ದ್ವೀಪಕ್ಕೆ ಸಾಗುತ್ತಿದ್ದರೆ, ದ್ವೀಪದಿಂದ ಬಟ್ಟೆ, ಬಂದೂಕು ಮತ್ತು ಬಂಡವಾಳ ಒಳನಾಡಿಗೆ ಹೋಗುತ್ತಿದ್ದವು. ಒಮಾನಿನ ಸುಲ್ತಾನ ಸಯೀದ್ ತನ್ನ ರಾಜಧಾನಿಯನ್ನೇ ಮಸ್ಕತ್‌ನಿಂದ ಜಾಂಜಿಬಾರಿಗೆ ವರ್ಗಾಯಿಸಿದ್ದನೆಂದರೆ ಆ ವ್ಯಾಪಾರದ ಮಹತ್ತ್ವ ತಿಳಿಯುತ್ತದೆ. ವ್ಯಾಪಾರಿ ತಂಡಗಳು ತಂಗುತ್ತಿದ್ದ ಹಳೆಯ ಕಟ್ಟಡ ಬಗಮೊಯೊದಲ್ಲಿ ಇಂದಿಗೂ ಇದೆ, ಆದರೆ ಅಲ್ಲಿ ಕಾಣುವುದು ದಾರಿಯ ಒಂದು ತುದಿ ಮಾತ್ರ. ನನ್ನ ವಿದ್ಯಾರ್ಥಿಗಳ ಊರಿಗೆ ಆ ಕಾಲದಲ್ಲಿ ಏನಾಯಿತು, ಅದರಿಂದ ಯಾರು ಸಿರಿವಂತರಾದರು ಎಂಬುದು ಕಾಣಬೇಕಾದರೆ ಕಡಲು ದಾಟಬೇಕು.

ಜಾಂಜಿಬಾರ್ ನಗರದ ಹಳೆಯ ಭಾಗವಾದ ಸ್ಟೋನ್ ಟೌನ್ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆತ್ತನೆಯ ಬಾಗಿಲುಗಳ ಚಿತ್ರ ತೆಗೆಯುತ್ತ ಅದರ ಕಿರುಗಲ್ಲಿಗಳಲ್ಲಿ ಇಡೀ ದಿನ ಕಳೆಯಬಹುದು. ಆದರೆ ಸ್ವಯಂಸೇವಕರು ಮೊದಲು ಹೋಗಬೇಕಾದದ್ದು ಆಂಗ್ಲಿಕನ್ ಕ್ರೈಸ್ಟ್ ಚರ್ಚಿಗೆ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ ಬರ್ಗಾಶ್ 1873ರಲ್ಲಿ ಗುಲಾಮರ ಸಂತೆಯನ್ನು ಮುಚ್ಚಿಸಿದ ಮೇಲೆ, ಬಿಷಪ್ ಎಡ್ವರ್ಡ್ ಸ್ಟಿಯರ್ ಅದೇ ನೆಲದ ಮೇಲೆ ಈ ಚರ್ಚನ್ನು ಕಟ್ಟಿಸಿದರು. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಮರ ಇದ್ದ ಜಾಗದಲ್ಲೇ ಬಲಿಪೀಠವಿದೆ ಎಂದು ಅಲ್ಲಿ ಹೇಳುತ್ತಾರೆ. ಹೊರಗೆ ಅಂಗಳದಲ್ಲಿ ತೋಡಿದ ಗುಂಡಿಯೊಳಗೆ, ಕೊರಳಿಗೆ ಸರಪಳಿ ಬಿಗಿದ ಐವರ ಶಿಲ್ಪಗಳು ನಿಂತಿವೆ. ಸಂತೆ ಮುಚ್ಚಿತೆಂದ ಮಾತ್ರಕ್ಕೆ ಗುಲಾಮಗಿರಿ ಮುಗಿಯಲಿಲ್ಲ. ದ್ವೀಪದ ಲವಂಗದ ತೋಟಗಳಲ್ಲಿ ದುಡಿಯುತ್ತಿದ್ದವರಿಗೆ ಕಾನೂನಿನ ಬಿಡುಗಡೆಯ ದಾರಿ ತೆರೆದದ್ದು 1897ರಲ್ಲಿ.

ಭಾರತದಿಂದ ಹೋದವರು ಅಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅರಬ್ಬರನ್ನೂ ಯುರೋಪಿಯನ್ನರನ್ನೂ ದೂರುವುದು ನಮಗೆ ಸುಲಭ. ಆದರೆ 19ನೇ ಶತಮಾನದಲ್ಲಿ ಜಾಂಜಿಬಾರಿನ ಸುಂಕದ ಗುತ್ತಿಗೆಯನ್ನು ದಶಕಗಳ ಕಾಲ ಹಿಡಿದಿದ್ದವರು ಕಚ್ಛ್ ಮೂಲದ ಜೈರಾಮ್ ಶಿವಜಿ ಅವರ ಮನೆತನದವರು, ಮತ್ತು ಆ ಸುಂಕ ಆನೆದಂತದ ಮೇಲಷ್ಟೇ ಅಲ್ಲ, ಬಂದಿಳಿದ ಗುಲಾಮರ ಮೇಲೂ ಬೀಳುತ್ತಿತ್ತು. ಆಫ್ರಿಕಾದಲ್ಲಿ ಸೇವೆ ಮಾಡುತ್ತೇವೆಂದು ಹೊರಟ ಭಾರತೀಯರಿಗೆ ಇದು ತಿಳಿದಿರಬೇಕು. ನಾವು ಅಲ್ಲಿಗೆ ಹಳೆಯ ಲೆಕ್ಕವೇನೂ ಇಲ್ಲದ ಹೊಸಬರಾಗಿ ಹೋಗುವುದಿಲ್ಲ.

ಹಾಗಾದರೆ ಕಡಲತೀರ ಬೇಡವೇ? ಖಂಡಿತ ಬೇಕು. ಪೂರ್ವ ದಂಡೆಯ ಪಾಜೆ, ಜಂಬಿಯಾನಿ ಊರುಗಳ ಬಿಳಿ ಮರಳಿನಷ್ಟು ಚೆಲುವಾದ ಮರಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದು, ಗೂಟಗಳ ನಡುವೆ ಎಳೆದು ಕಟ್ಟಿದ ಹಗ್ಗಗಳ ಸಾಲುಗಳು ಕಾಣಿಸಿಕೊಳ್ಳುತ್ತವೆ. ಅವು ಕಡಲಪಾಚಿಯ ಹೊಲಗಳು. 1980ರ ದಶಕದ ಕೊನೆಯಲ್ಲಿ ಆರಂಭವಾದ ಈ ಕೃಷಿಯನ್ನು ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ಮತ್ತು ಅವರಲ್ಲಿ ಅನೇಕರ ಪಾಲಿಗೆ ಸ್ವಂತ ಕೈಗೆ ಬಂದ ಮೊದಲ ಆದಾಯ ಇದೇ. ಪಾಚಿಯಿಂದ ತೆಗೆಯುವ ಕ್ಯಾರಜೀನನ್ ಎಂಬ ಅಂಟುಪದಾರ್ಥವು ಐಸ್‌ಕ್ರೀಮಿಗೂ ಹಲ್ಲುಜ್ಜುವ ಪೇಸ್ಟಿಗೂ ಬಳಕೆಯಾಗುತ್ತದೆ. ಒಳ್ಳೆಯ ಬೆಲೆ ತರುವ ತಳಿಯು ಬಿಸಿಯೇರುತ್ತಿರುವ ಆಳವಿಲ್ಲದ ನೀರಿನಲ್ಲಿ ರೋಗ ಹಿಡಿದು ಸಾಯುತ್ತಿರುವುದರಿಂದ, ಬಹಳಷ್ಟು ಮಂದಿ ಕಡಿಮೆ ಬೆಲೆಯ ತಳಿಯನ್ನೇ ನಂಬಿಕೊಂಡಿದ್ದಾರೆ. ಬಗಮೊಯೊ ಸಮೀಪದ ಮ್ಲಿಂಗೊತಿನಿಯಲ್ಲಿಯೂ ಇದೇ ಕೃಷಿ ಇದೆ. ಹಸಿ ಪಾಚಿಯ ತೂಕ, ಒಣಗಿದ ಮೇಲೆ ಉಳಿಯುವ ತೂಕ, ಕಿಲೋಗೆ ಸಿಗುವ ಶಿಲಿಂಗ್ ಇವನ್ನಿಟ್ಟುಕೊಂಡು ಅನುಪಾತದ ಲೆಕ್ಕಗಳನ್ನು ಕಟ್ಟಿಕೊಟ್ಟಾಗ, ಪಠ್ಯಪುಸ್ತಕದ ಲೆಕ್ಕಗಳಿಗೆ ಬಾಯಿ ತೆರೆಯದ ಮಕ್ಕಳೂ ನನ್ನ ತರಗತಿಯಲ್ಲಿ ಉತ್ತರ ಹೇಳಿದರು. ವಿಹಾರದಿಂದ ಸೇವೆಗೆ ಏನು ಲಾಭ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಹಣದ ಪ್ರಶ್ನೆಯೂ ಇದೆ. ಪ್ರವಾಸಿಯ ಹಣ ದ್ವೀಪದಲ್ಲಿ ಉಳಿಯಬೇಕೆಂದರೆ, ಊಟ, ವಸತಿಗಳೆಲ್ಲಕ್ಕೂ ಮೊದಲೇ ವಿದೇಶದಲ್ಲಿ ಹಣ ಕಟ್ಟಿಸಿಕೊಳ್ಳುವ ದೊಡ್ಡ ರೆಸಾರ್ಟುಗಳನ್ನು ಬಿಟ್ಟು ಊರವರೇ ನಡೆಸುವ ಸಣ್ಣ ವಸತಿಗೃಹಗಳಲ್ಲಿ ಉಳಿಯಿರಿ. ಸ್ವಯಂಸೇವಕರ ಕೈಗೆ ಎಟುಕುವುದೂ ಅವೇ. ಕಿಝಿಂಕಾಝಿಯಲ್ಲಿ ಡಾಲ್ಫಿನ್‌ಗಳನ್ನು ದೋಣಿಗಳಲ್ಲಿ ಅಟ್ಟಿಸಿಕೊಂಡು ಹೋಗುವ ವಿಹಾರವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಜೋಜಾನಿ ಕಾಡಿನಲ್ಲಿ, ಈ ದ್ವೀಪಸಮೂಹದಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಇರದ ಕೆಂಪು ಕೊಲೊಬಸ್ ಕೋತಿಗಳನ್ನು ನೋಡಬಹುದು.

ಹೊರಡುವವರಿಗೆ ಕೆಲವು ಮಾತುಗಳು. ದಾರೆಸ್ಸಲಾಮಿನಿಂದ ವೇಗದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. 1964ರಲ್ಲಿ ಮುಖ್ಯನೆಲದ ಟಾಂಗಾನಿಕಾದೊಡನೆ ಒಂದಾಗಿ ತಾಂಜಾನಿಯಾ ಎಂಬ ಒಂದೇ ದೇಶವಾದರೂ ಜಾಂಜಿಬಾರಿಗೆ ತನ್ನದೇ ಅಧ್ಯಕ್ಷರೂ ಶಾಸನಸಭೆಯೂ ಇರುವುದರಿಂದ ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. 2024ರ ಅಕ್ಟೋಬರಿನಿಂದ ವಿದೇಶಿ ಪ್ರವಾಸಿಗರಿಗೆ ದ್ವೀಪದ ಪ್ರವಾಸಿ ವಿಮೆಯೂ ಕಡ್ಡಾಯವಾಗಿದೆ. ಜನರಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರಾದ್ದರಿಂದ ಊರೊಳಗೆ ಓಡಾಡುವಾಗ ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ, ಮತ್ತು ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ತಿನ್ನಬೇಡಿ. ಮಾರ್ಚಿನಿಂದ ಮೇ ತನಕ ಬೀಳುವ ದೊಡ್ಡ ಮಳೆಯ ದಿನಗಳಲ್ಲಿ ಕಡಲು ಕೆರಳಿ ಹಡಗಿನ ವೇಳೆ ಏರುಪೇರಾಗಬಹುದು. ಆದ್ದರಿಂದ ಭಾನುವಾರದ ಕೊನೆಯ ಹಡಗನ್ನು ನೆಚ್ಚಿಕೊಳ್ಳದೆ ಬೆಳಗಿನದಕ್ಕೇ ಟಿಕೆಟ್ ಕಾಯ್ದಿರಿಸಿ, ಏಕೆಂದರೆ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಮಕ್ಕಳು ಕಾದಿರುತ್ತಾರೆ.